ಬೆಳಗ್ಗೆ ಮೂರು ಗಂಟೆಗೆ ಸಿಗೋಣ ಅಂದರೆ ಒಂಬತ್ತಕ್ಕೆ ಹೋಗಬೇಕು

ಇಥಿಯೋಪಿಯಾದಲ್ಲಿ ಯಾರಾದರೂ "ನಾಳೆ ಬೆಳಗ್ಗೆ ಮೂರು ಗಂಟೆಗೆ ಸಿಗೋಣ" ಅಂದರೆ ಅಲಾರಂ ಇಟ್ಟುಕೊಂಡು ಮಲಗಬೇಕಾಗಿಲ್ಲ. ಅವರ ಮೂರು ಅಂದರೆ ನಮ್ಮ ಒಂಬತ್ತು. ಅಲ್ಲಿ ಗಂಟೆ ಎಣಿಸೋಕೆ ಶುರು ಮಾಡುವುದು ನಡುರಾತ್ರಿಯಿಂದಲ್ಲ, ಬೆಳಗಾದಾಗಿನಿಂದ. ನಮ್ಮ ಗಡಿಯಾರದಲ್ಲಿ ಬೆಳಗ್ಗೆ 7 ಆದಾಗ ಅವರಿಗೆ ಹಗಲಿನ 1 ಗಂಟೆ. ನಮ್ಮ ಮಧ್ಯಾಹ್ನ 12 ಅವರ 6. ಸಂಜೆ ಸೂರ್ಯ ಮುಳುಗಿದ ಮೇಲೆ ಮತ್ತೆ ಒಂದರಿಂದ ರಾತ್ರಿಯ ಲೆಕ್ಕ. ಕೇಳಿದ ಕೂಡಲೇ ತಲೆ ತಿರುಗುತ್ತದೆ ನಿಜ, ಆದರೆ ಸ್ವಲ್ಪ ಯೋಚಿಸಿ: ಊರಿಗೆ ಊರೇ ನಿದ್ದೆ ಮಾಡುತ್ತಿರುವಾಗ, ಆಕಾಶದಲ್ಲಿ ಯಾವ ಗುರುತೂ ಇಲ್ಲದ ಹೊತ್ತಿನಲ್ಲಿ ಹೊಸ ದಿನ ಹುಟ್ಟಿತು ಅನ್ನುವ ನಮ್ಮ ಲೆಕ್ಕ ಅದಕ್ಕಿಂತ ವಿಚಿತ್ರ ಅಲ್ವಾ?

ಅವರ ಲೆಕ್ಕಕ್ಕೆ ಕಾರಣ ಇದೆ. ಇಥಿಯೋಪಿಯಾ ಭೂಮಧ್ಯರೇಖೆಗೆ ಹತ್ತಿರ. ವರ್ಷ ಪೂರ್ತಿ ಸೂರ್ಯ ಹುಟ್ಟುವ ಹೊತ್ತು, ಮುಳುಗುವ ಹೊತ್ತು ಹೆಚ್ಚು ಕಡಿಮೆ ಒಂದೇ. ಹಾಗಾಗಿ ಸೂರ್ಯನೇ ಗಡಿಯಾರ ಆದರೆ ಯಾರಿಗೂ ತೊಂದರೆ ಇಲ್ಲ. ಕೆನ್ಯಾ, ಟಾಂಜಾನಿಯಾದಲ್ಲಿ ಸ್ವಾಹಿಲಿ ಮಾತಾಡುವವರೂ ಹೀಗೇ ಎಣಿಸುತ್ತಾರೆ. ಇಂಗ್ಲಿಷಿನಲ್ಲಿ ಮಾತಾಡುವಾಗ 9 ಅನ್ನುವ ಅದೇ ಮನುಷ್ಯ ಸ್ವಾಹಿಲಿಗೆ ಹೊರಳಿದ ತಕ್ಷಣ 3 ಅನ್ನುತ್ತಾನೆ. ಇಥಿಯೋಪಿಯಾದ ಕ್ಯಾಲೆಂಡರ್ ಕೂಡ ಬೇರೆ. 30 ದಿನಗಳ 12 ತಿಂಗಳು, ಕೊನೆಗೆ 5 ಅಥವಾ 6 ದಿನದ ಒಂದು ಪುಟ್ಟ 13ನೇ ತಿಂಗಳು. ಇಡೀ ಜಗತ್ತು 2000ನೇ ಇಸವಿಯ ಸಂಭ್ರಮ ಮುಗಿಸಿ ಮರೆತಾದ ಮೇಲೆ, 2007ರ ಸೆಪ್ಟೆಂಬರ್ 12ರಂದು ಅವರು ತಮ್ಮ 2000ವನ್ನು ಬರಮಾಡಿಕೊಂಡರು.

ನಮಗೂ ಇದು ಪೂರ್ತಿ ಹೊಸದೇನಲ್ಲ. ಪಂಚಾಂಗ ತೆರೆದು ನೋಡಿ. ಅಲ್ಲಿ ವಾರ ಬದಲಾಗುವುದು ಸೂರ್ಯೋದಯಕ್ಕೆ, ನಡುರಾತ್ರಿಗಲ್ಲ. ತಿಥಿ, ನಕ್ಷತ್ರ ಇಷ್ಟು ಗಳಿಗೆ ಇಷ್ಟು ವಿಗಳಿಗೆ ಅಂತ ಬರೆದಿರುವುದು ಸೂರ್ಯ ಹುಟ್ಟಿದಾಗಿನಿಂದ ಎಣಿಸಿದ್ದು. ಒಂದು ಗಳಿಗೆ ಅಂದರೆ 24 ನಿಮಿಷ, ದಿನಕ್ಕೆ ಅಂಥವು 60. ಹಿಂದೆ ಇದನ್ನು ಅಳೆಯುತ್ತಿದ್ದದ್ದು ಗಳಿಗೆ ಬಟ್ಟಲಿನಿಂದ. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ನೀರು ತುಂಬಿದ ಪಾತ್ರೆಯಲ್ಲಿ ತೇಲಿ ಬಿಡುತ್ತಿದ್ದರು. ನೀರು ಒಳಗೆ ನುಗ್ಗಿ ಬಟ್ಟಲು ಮುಳುಗಿತು ಅಂದರೆ ಒಂದು ಗಳಿಗೆ. ಎತ್ತಿ, ಚೆಲ್ಲಿ, ಮತ್ತೆ ಬಿಡಬೇಕು.

ಸರಿ, ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಬೇರೆ ಬೇರೆ ದೇಶದವರಿಗೆ ಸಮಯದ ಬೆಲೆ ಹೇಗೆ ಬೇರೆ ಬೇರೆ ಅನ್ನುವ ಮಾತು ಬಂದಾಗಲೆಲ್ಲ ನಾವು ತಟ್ಟನೆ ಜಾತಕ ಬರೆದುಬಿಡುತ್ತೇವೆ. ಜಪಾನಿನವರು ಶಿಸ್ತಿನವರು, ಜರ್ಮನ್ನರು ಗಡಿಯಾರದಂಥವರು, ನಾವು "ಇಂಡಿಯನ್ ಟೈಮ್" ಜನ, ಆಫ್ರಿಕಾದವರ ಕಥೆ ಕೇಳಲೇಬೇಡಿ ಅಂತ. ಇದು ರಕ್ತದಲ್ಲಿ ಬಂದ ಗುಣ ಅನ್ನೋ ಥರ ಮಾತು. ನನಗೆ ಇದರಲ್ಲಿ ನಂಬಿಕೆ ಇಲ್ಲ. ಜನ ಏನಕ್ಕೆ ಕಾಯುತ್ತಾರೆ, ಯಾರಿಗೆ ಕಾಯುತ್ತಾರೆ ಅನ್ನುವುದರ ಮೇಲೆ ಅವರ ಸಮಯದ ರೀತಿ ನಿಂತಿರುತ್ತದೆ. ಆ ಏರ್ಪಾಡು ಬದಲಾದರೆ ರೀತಿಯೂ ಬದಲಾಗುತ್ತದೆ. ಅದೂ ನಾವು ಅಂದುಕೊಂಡಿದ್ದಕ್ಕಿಂತ ಬೇಗ.

ಮೊದಲು ಒಂದು ಮೂಲ ವ್ಯತ್ಯಾಸ ಗೊತ್ತಿರಬೇಕು. ಕೆಲಸ ಯಾವಾಗ ಅಂತ ಗಡಿಯಾರ ಹೇಳುವುದು ಒಂದು ಬಗೆ. ಹೊತ್ತು ಎಷ್ಟಾಯಿತು ಅಂತ ಕೆಲಸವೇ ಹೇಳುವುದು ಇನ್ನೊಂದು ಬಗೆ. ಎರಡನೆಯದಕ್ಕೆ ಪುಸ್ತಕಗಳಲ್ಲಿ ಸಿಗುವ ದೊಡ್ಡ ಉದಾಹರಣೆ ದಕ್ಷಿಣ ಸುಡಾನಿನ ನುಯೆರ್ ಜನ. 1930ರ ದಶಕದಲ್ಲಿ ಅವರ ನಡುವೆ ಇದ್ದು ಬಂದ ಮಾನವಶಾಸ್ತ್ರಜ್ಞ ಇವಾನ್ಸ್-ಪ್ರಿಚರ್ಡ್, ಈ ಜನರದ್ದು ದನಗಳ ಗಡಿಯಾರ ಅಂದ. ಕೊಟ್ಟಿಗೆಯಿಂದ ದನ ಬಿಡುವುದು, ಹಾಲು ಕರೆಯುವುದು, ಮೇಯಿಸಲು ಹೊಡೆದುಕೊಂಡು ಹೋಗುವುದು, ಸಂಜೆ ವಾಪಸ್ ಕಟ್ಟುವುದು, ಇವೇ ಅಲ್ಲಿನ ಗಂಟೆಗಳು. "ಹಾಲು ಕರೆಯೋ ಹೊತ್ತಿಗೆ ಬರ್ತೀನಿ" ಅಂದರೆ ಸಾಕು, ಎಲ್ಲರಿಗೂ ಅರ್ಥವಾಗುತ್ತದೆ. ಮಡಗಾಸ್ಕರಿನಲ್ಲಿ ಅರ್ಧ ಗಂಟೆ ಅನ್ನೋಕೆ "ಅನ್ನ ಬೇಯುವಷ್ಟು ಹೊತ್ತು" ಅನ್ನುತ್ತಿದ್ದರು. ನಮ್ಮ ಹಳ್ಳಿಗಳಲ್ಲೂ ಕೋಳಿ ಕೂಗೋ ಹೊತ್ತು, ದನ ಮನೆಗೆ ಬರೋ ಹೊತ್ತು, ದೀಪ ಹಚ್ಚೋ ಹೊತ್ತು ಅಂತಲೇ ಮಾತಾಡಿದ್ದು, ಈಗಲೂ ಅಲ್ಲಲ್ಲಿ ಮಾತಾಡುತ್ತಾರೆ. ಇದು ಸೋಮಾರಿತನ ಅಲ್ಲ. ಹಾಲು ಕರೆಯೋದು ತಡವಾದರೆ ಹಸು ಸುಮ್ನೆ ಬಿಡುವುದಿಲ್ಲ, ಕೂಗಿ ಕರೆಯುತ್ತದೆ. ನಿಷ್ಠುರ ಗಡಿಯಾರವೇ ಅದು.

ಪಟ್ಟಣದಲ್ಲೂ ಈ ಎರಡನೇ ಬಗೆ ಸತ್ತಿಲ್ಲ. ತಾಲ್ಲೂಕು ಬಸ್ ಸ್ಟ್ಯಾಂಡಿನ ಹೊರಗೆ ನಿಂತಿರುವ ಟೆಂಪೊ ನೋಡಿ. "ಎಷ್ಟೊತ್ತಿಗೆ ಹೊರಡುತ್ತೆ?" ಅಂತ ಕೇಳಿದರೆ "ಈಗ ಹೊರಡೋದೇ, ಹತ್ತಿ ಹತ್ತಿ" ಅನ್ನುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ಅವನ ವೇಳಾಪಟ್ಟಿಯಲ್ಲಿ ಇರುವುದು ಒಂದೇ ಸಾಲು: ಸೀಟು ತುಂಬಿದಾಗ. ಘಾನಾದಲ್ಲಿ ಟ್ರೊಟ್ರೊ ಅಂತ ಕರೆಯುವ ವ್ಯಾನುಗಳೂ ಹೀಗೇ. ಡೀಸೆಲ್ ದುಡ್ಡು ಹುಟ್ಟಬೇಕಾದವನಿಗೆ 10.15ಕ್ಕೆ ಖಾಲಿ ಗಾಡಿ ಓಡಿಸು ಅಂದರೆ ಹೇಗೆ?

ಇಥಿಯೋಪಿಯಾದ ಕಾಫಿಯೂ ಈ ಬಗೆಗೇ ಸೇರಿದ್ದು. ಅಲ್ಲಿ ಮನೆಗೆ ಕಾಫಿಗೆ ಕರೆದರೆ ಹಸಿ ಕಾಫಿ ಬೀಜದಿಂದ ಶುರು. ನೆಲದ ಮೇಲೆ ಹಸಿ ಹುಲ್ಲು ಹರಡಿರುತ್ತಾರೆ, ಪಕ್ಕದಲ್ಲಿ ಧೂಪ ಹಾಕಿರುತ್ತಾರೆ. ಬೀಜ ತೊಳೆದು, ಕೆಂಡದ ಮೇಲೆ ಸಣ್ಣ ಬಾಣಲೆ ಇಟ್ಟು ಹುರಿಯುತ್ತಾರೆ. ಎಣ್ಣೆ ಬಿಟ್ಟು ಹೊಗೆ ಏಳತೊಡಗಿದಾಗ ಬಾಣಲೆಯನ್ನು ಎತ್ತಿಕೊಂಡು ಒಬ್ಬೊಬ್ಬರ ಮುಂದೂ ಹಿಡಿಯುತ್ತಾರೆ, ನಾವು ಕೈಯಿಂದ ಹೊಗೆಯನ್ನು ಮುಖದ ಕಡೆ ಎಳೆದುಕೊಳ್ಳಬೇಕು, ಮಂಗಳಾರತಿ ತೆಗೆದುಕೊಂಡ ಹಾಗೆ. ಆಮೇಲೆ ಕುಟ್ಟುವುದು. ಆಮೇಲೆ ಜೆಬೆನಾ ಅನ್ನುವ ಉದ್ದ ಕತ್ತಿನ ಮಣ್ಣಿನ ಹೂಜಿಯಲ್ಲಿ ಕುದಿಸುವುದು. ಹಿಡಿ ಇಲ್ಲದ ಪುಟ್ಟ ಬಟ್ಟಲುಗಳಿಗೆ ಮೇಲಿನಿಂದ ಸಣ್ಣ ಧಾರೆಯಾಗಿ ಬಗ್ಗಿಸುತ್ತಾರೆ. ಜೊತೆಗೆ ಹುರಿದ ಜೋಳದ ಅರಳು. ಮೊದಲ ಸುತ್ತಿಗೆ ಅಬೋಲ್ ಅಂತ ಹೆಸರು. ಅದೇ ಗಸಿಗೆ ನೀರು ಹಾಕಿ ಮತ್ತೆ ಕುದಿಸಿದರೆ ತೋನಾ. ಮೂರನೆಯದು ಬೆರೆಕಾ, ಅಂದರೆ ಆಶೀರ್ವಾದ. ಆ ಹೊತ್ತಿಗೆ ಕಾಫಿ ತೆಳ್ಳಗಾಗಿರುತ್ತದೆ, ಆದರೆ ಅದನ್ನು ಕುಡಿಯದೆ ಎದ್ದರೆ ಮನೆಯವರಿಗೆ ಬೇಜಾರು. ಒಟ್ಟು ಒಂದು ಗಂಟೆಯೂ ಆಗಬಹುದು, ಎರಡೂ ಆಗಬಹುದು.

ಇಂಥದ್ದನ್ನು ಓದಿ "ಆಹಾ, ಅವರಿಗೆ ಬದುಕೋದು ಗೊತ್ತು" ಅಂತ ಕರಗಿಹೋಗುವುದು ಸುಲಭ. ಆದರೆ ಒಂದು ಮಾತು ಹೇಳಲೇಬೇಕು. ಅಷ್ಟೂ ಹೊತ್ತು ಕೆಂಡದ ಮುಂದೆ ಕೂತು ಹುರಿದು ಕುಟ್ಟಿ ಬಗ್ಗಿಸುವವರು ಹೆಚ್ಚಾಗಿ ಮನೆಯ ಹೆಂಗಸರು, ಇಲ್ಲವೇ ವಯಸ್ಸಿಗೆ ಬಂದ ಹುಡುಗಿಯರು. ಬಂದವರ ಪುರಸೊತ್ತು ಅವರ ದುಡಿಮೆ. ನಮ್ಮ ಮಲೆನಾಡಿನ ಜಗಲಿಯಲ್ಲಿ ಊಟದ ಮೇಲೆ ಎಲೆ-ಅಡಿಕೆ ತಟ್ಟೆ ನಡುವಿಟ್ಟುಕೊಂಡು ಕೂರುತ್ತಾರಲ್ಲ, ಎಲೆಯ ನಾರು ತೆಗೆದು, ಬೆನ್ನಿಗೆ ಸುಣ್ಣ ಸವರಿ, ಅಡಿಕೆ ಕತ್ತರಿಸುತ್ತಾ ಕೇಸು, ಕೊಳೆ ರೋಗ, ಯಾರ ಮಗಳ ಸಂಬಂಧ ಎಲ್ಲಿಗಾಯಿತು ಅಂತ ಗಂಟೆಗಟ್ಟಲೆ ಮಾತಾಡುತ್ತಾರಲ್ಲ, ಅದು ಚೆಂದವೇ. ಆಗ ಒಳಗೆ ಪಾತ್ರೆ ತೊಳೆಯುತ್ತಿರುವವರನ್ನೂ ಲೆಕ್ಕಕ್ಕೆ ಹಿಡಿಯಿರಿ ಅಂತ ಅಷ್ಟೇ.

ಈಗ ಜಪಾನಿಗೆ ಬರೋಣ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನಾನು ಮೇಲೆ ಹೇಳಿದ್ದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ.

2017ರ ನವೆಂಬರ್ 14. ಟೋಕಿಯೊ ಹತ್ತಿರದ ಮಿನಾಮಿ-ನಾಗರೆಯಾಮಾ ನಿಲ್ದಾಣ. ಬೆಳಗ್ಗೆ 9 ಗಂಟೆ 44 ನಿಮಿಷ 40 ಸೆಕೆಂಡಿಗೆ ಹೊರಡಬೇಕಿದ್ದ ಸುಕುಬಾ ಎಕ್ಸ್‌ಪ್ರೆಸ್ ರೈಲು 9-44-20ಕ್ಕೇ ಹೊರಟುಬಿಟ್ಟಿತು. 20 ಸೆಕೆಂಡ್ ಮುಂಚೆ. ಯಾರೂ ದೂರು ಕೊಡಲಿಲ್ಲ. ಕಂಪನಿ ತಾನಾಗಿಯೇ ಕ್ಷಮೆ ಕೇಳಿತು, ಸುದ್ದಿ ಜಗತ್ತೆಲ್ಲ ಓಡಾಡಿತು. ಅಲ್ಲಿ ರೈಲು ಐದು ನಿಮಿಷ ತಡವಾದರೆ ನಿಲ್ದಾಣದಲ್ಲಿ ಒಂದು ಚೀಟಿ ಕೊಡುತ್ತಾರೆ. ಇಂಥ ರೈಲು ಇಷ್ಟು ತಡವಾಗಿತ್ತು ಅನ್ನುವ ಪ್ರಮಾಣಪತ್ರ ಅದು, ಆಫೀಸಿನಲ್ಲೋ ಸ್ಕೂಲಿನಲ್ಲೋ ತೋರಿಸೋಕೆ.

ಈ ಜನ ಹುಟ್ಟಾ ಹೀಗೇ ಇರಬೇಕು ಅನ್ನಿಸುತ್ತದೆ. ಆದರೆ 1850ರ ದಶಕದ ಕೊನೆಯಲ್ಲಿ ನಾಗಸಾಕಿಗೆ ಜಪಾನಿನವರಿಗೆ ನೌಕಾವಿದ್ಯೆ ಕಲಿಸಲು ಹೋಗಿದ್ದ ಡಚ್ ಅಧಿಕಾರಿ ಕಾಟೆನ್‌ಡೈಕೆ ಬರೆದದ್ದು ಓದಿದರೆ ನಮ್ಮೂರಿನ ಮನೆ ಕಟ್ಟಿಸುವವರ ಗೋಳು ಕೇಳಿದಂತಾಗುತ್ತದೆ. ಹೇಳಿದ ಹೊತ್ತಿಗೆ ಸಾಮಾನು ಬರುವುದಿಲ್ಲ, ಕೆಲಸದವನು ಒಂದು ದಿನ ಬಂದವನು ಮತ್ತೆ ಮುಖ ತೋರಿಸುವುದಿಲ್ಲ, ಇವರ ನಿಧಾನ ನೋಡಿ ಸಾಕಾಯಿತು ಅಂತ ಆತ ಗೊಣಗಿದ್ದಾನೆ.

ಆಗಿನ ಜಪಾನಿನ ಗಂಟೆಯೇ ಬೇರೆ ಇತ್ತು. ಹಗಲನ್ನು ಆರು ಪಾಲು, ರಾತ್ರಿಯನ್ನು ಆರು ಪಾಲು ಮಾಡುತ್ತಿದ್ದರು. ಬೇಸಿಗೆಯಲ್ಲಿ ಹಗಲು ಉದ್ದ, ಹಾಗಾಗಿ ಹಗಲಿನ ಪಾಲೂ ಉದ್ದ. ಚಳಿಗಾಲದಲ್ಲಿ ಅದೇ ಪಾಲು ಗಿಡ್ಡ. ಎರಡಕ್ಕೂ ಮುಕ್ಕಾಲು ಗಂಟೆಯಷ್ಟು ವ್ಯತ್ಯಾಸ ಬರುತ್ತಿತ್ತು. ಇದು ನಮಗೆ ಗೊತ್ತಿರದ ಲೆಕ್ಕವೇನಲ್ಲ. ನಮ್ಮ ರಾಹುಕಾಲವೂ ಹಗಲನ್ನು ಎಂಟು ಪಾಲು ಮಾಡಿ ಅದರಲ್ಲಿ ಒಂದು ಪಾಲು. ಸೋಮವಾರ 7.30ರಿಂದ 9 ಅಂತ ಕ್ಯಾಲೆಂಡರಿನಲ್ಲಿ ಹಾಕುವುದು 6ಕ್ಕೆ ಬೆಳಗಾಗಿ 6ಕ್ಕೆ ಕತ್ತಲಾಗುತ್ತದೆ ಅಂತ ಹಿಡಿದು. ನಿಜವಾಗಿ ನೋಡಿದರೆ ಅದು ದಿನ ದಿನಕ್ಕೆ ಹಿಗ್ಗಬೇಕು, ಕುಗ್ಗಬೇಕು.

ಯುರೋಪಿನಿಂದ ಯಂತ್ರದ ಗಡಿಯಾರಗಳು ಬಂದಾಗ ಜಪಾನಿನ ಕುಶಲಕರ್ಮಿಗಳು ಮಾಡಿದ ಕೆಲಸ ನನಗೆ ಬಹಳ ಇಷ್ಟ. ಗಡಿಯಾರಕ್ಕೆ ತಕ್ಕಂತೆ ತಮ್ಮ ದಿನವನ್ನು ಬದಲಾಯಿಸಿಕೊಳ್ಳಲಿಲ್ಲ, ತಮ್ಮ ದಿನಕ್ಕೆ ತಕ್ಕಂತೆ ಗಡಿಯಾರವನ್ನೇ ಬಗ್ಗಿಸಿದರು. ಹಗಲಿಗೊಂದು ರಾತ್ರಿಗೊಂದು ಅಂತ ಎರಡು ತೂಗುಕಡ್ಡಿ. ಅವುಗಳ ಮೇಲೆ ಸರಿಸಬಹುದಾದ ಪುಟ್ಟ ತೂಕಗಳು. ಹದಿನೈದು ದಿನಕ್ಕೊಮ್ಮೆ ತೂಕ ಸರಿಸಿದರೆ ಗಡಿಯಾರ ಋತುವಿನ ಜೊತೆ ಹೆಜ್ಜೆ ಹಾಕುತ್ತಿತ್ತು. ಹಾಡಿ ಕುಣಿದು ಅತಿಥಿಗಳನ್ನು ರಂಜಿಸುವ ಗೇಷಾಗಳ ಮನೆಗಳಲ್ಲಿ ಊದುಬತ್ತಿಯೇ ಗಡಿಯಾರ. ಎಷ್ಟು ಕಡ್ಡಿ ಉರಿಯಿತೋ ಅಷ್ಟಕ್ಕೆ ದುಡ್ಡು.

ಹಾಗಾದರೆ 20 ಸೆಕೆಂಡಿಗೆ ಕ್ಷಮೆ ಕೇಳುವ ಜಪಾನ್ ಎಲ್ಲಿಂದ ಬಂತು? ಸರ್ಕಾರ ತಂದಿತು, ಕಷ್ಟಪಟ್ಟು ತಂದಿತು. 1872ರ ಅಕ್ಟೋಬರ್‌ನಲ್ಲಿ ಶಿಂಬಾಶಿಯಿಂದ ಯೊಕೊಹಾಮಾಕ್ಕೆ ಮೊದಲ ರೈಲು ಶುರುವಾಯಿತು. ಅದರ ಬೆನ್ನಿಗೇ ಹಳೆ ಚಾಂದ್ರಮಾನ ಪಂಚಾಂಗ ತೆಗೆದುಹಾಕಿ, 1873ರ ಜನವರಿ 1ರಿಂದ ಗ್ರೆಗೋರಿಯನ್ ಕ್ಯಾಲೆಂಡರ್ ಮತ್ತು 24 ಸಮಾನ ಗಂಟೆಗಳು. ಹಳೆ ಲೆಕ್ಕದ 12ನೇ ತಿಂಗಳಲ್ಲಿ ಎರಡೇ ದಿನ ಕಳೆದಿತ್ತು, ಮೂರನೇ ದಿನವೇ ಹೊಸ ವರ್ಷ. ಇದರ ಹಿಂದೆ ದುಡ್ಡಿನ ಲೆಕ್ಕವೂ ಇತ್ತು. ಮುಂದಿನ ವರ್ಷ ಅವರಿಗೆ ಅಧಿಕ ಮಾಸ ಬರುತ್ತಿತ್ತು, ಅಂದರೆ ನೌಕರರಿಗೆ 13 ತಿಂಗಳ ಸಂಬಳ ಕೊಡಬೇಕು. ಕ್ಯಾಲೆಂಡರ್ ಬದಲಾಯಿಸಿದ್ದರಿಂದ ಆ ಒಂದು ಸಂಬಳ ಉಳಿಯಿತು, ಜೊತೆಗೆ ಎರಡೇ ದಿನಕ್ಕೆ ಮುಗಿದ ಆ ತಿಂಗಳ ಸಂಬಳವೂ ಉಳಿಯಿತು. ಖಜಾನೆ ಖಾಲಿ ಇದ್ದ ಸರ್ಕಾರಕ್ಕೆ ಇದಕ್ಕಿಂತ ಶುಭ ಮುಹೂರ್ತ ಯಾವುದಿತ್ತು?

ಆಮೇಲೆ ಶಾಲೆಯ ಗಂಟೆ, ಸೈನ್ಯದ ಕವಾಯತು, ಕಾರ್ಖಾನೆಯ ಸೈರನ್. ಅಷ್ಟೆಲ್ಲ ಆದರೂ 1920ರಲ್ಲಿ ಜೂನ್ 10ನ್ನು "ಸಮಯದ ದಿನ" ಅಂತ ಘೋಷಿಸಿ ಜನರಿಗೆ ಹೊತ್ತಿಗೆ ಸರಿಯಾಗಿ ಬನ್ನಿ ಅಂತ ಬುದ್ಧಿ ಹೇಳಬೇಕಾಯಿತು. ಜನ ಆಗಲೇ ಹೊತ್ತಿಗೆ ಸರಿಯಾಗಿ ಬರುತ್ತಿದ್ದರೆ ಅಂಥ ದಿನದ ಅಗತ್ಯವೇ ಇರುತ್ತಿರಲಿಲ್ಲ. ಡಚ್ ಅಧಿಕಾರಿಯ ಗೊಣಗಾಟದಿಂದ ಇಲ್ಲಿಗೆ ಮೂರು ತಲೆಮಾರು ಕೂಡ ಆಗಿಲ್ಲ.

ಇದಕ್ಕೆ ಬೆಲೆಯೂ ತೆತ್ತಿದ್ದಾರೆ. 2005ರ ಏಪ್ರಿಲ್ 25ರಂದು ಅಮಗಸಾಕಿಯಲ್ಲಿ ಒಂದು ಲೋಕಲ್ ರೈಲು ಹಳಿ ತಪ್ಪಿ ಅಪಾರ್ಟ್‌ಮೆಂಟ್ ಕಟ್ಟಡಕ್ಕೆ ನುಗ್ಗಿತು. 107 ಜನ ಸತ್ತರು. ಹಿಂದಿನ ನಿಲ್ದಾಣದಲ್ಲಿ ರೈಲು ನಿಲ್ಲಬೇಕಾದ ಜಾಗ ದಾಟಿಹೋಗಿ, ಹಿಂದೆ ತರುವುದರಲ್ಲಿ ಒಂದೂವರೆ ನಿಮಿಷದಷ್ಟು ತಡವಾಗಿತ್ತು. 70 ಕಿಲೋಮೀಟರ್ ವೇಗದಲ್ಲಿ ಹೋಗಬೇಕಾದ ತಿರುವಿಗೆ ರೈಲು ಬಂದಾಗ ವೇಗ 116 ಇತ್ತು. ತಪ್ಪು ಮಾಡಿದ ಚಾಲಕರನ್ನು ಕೂರಿಸಿ ಅವಮಾನ ಮಾಡುವಂಥ "ತರಬೇತಿ" ಆ ಕಂಪನಿಯಲ್ಲಿತ್ತು, ಆ ಹೆದರಿಕೆಯಲ್ಲಿ 23 ವರ್ಷದ ಚಾಲಕನ ಗಮನ ತಪ್ಪಿರಬೇಕು ಅನ್ನುವ ಮಾತು ತನಿಖೆಯಲ್ಲಿ ಬಂತು. ಜಪಾನಿನ ರೈಲನ್ನು ಹೊಗಳುವ ವಿಡಿಯೋಗಳಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಇನ್ನೊಂದೂ ಹೇಳುವುದಿಲ್ಲ: ಬೆಳಗ್ಗೆ ಹೊತ್ತಿಗೆ ಸರಿಯಾಗಿ ಶುರುವಾಗುವ ಆಫೀಸು ಸಂಜೆ ಹೊತ್ತಿಗೆ ಸರಿಯಾಗಿ ಮುಗಿಯುವುದಿಲ್ಲ. ಓವರ್‌ಟೈಮ್ ತಿಂಗಳಿಗೆ ಸಾಮಾನ್ಯವಾಗಿ 45 ಗಂಟೆ ಮೀರಬಾರದು ಅಂತ ಕಾನೂನು ಬಿಗಿ ಮಾಡಿದ್ದೇ 2019ರಲ್ಲಿ. ಶುರುವಾಗುವ ಹೊತ್ತಿಗೆ ಮಾತ್ರ ಶಿಸ್ತು ಅನ್ನೋದು ಎಂಥ ಶಿಸ್ತು ಅಂತ ನನಗಂತೂ ಗೊತ್ತಾಗುವುದಿಲ್ಲ.

ಜರ್ಮನಿ ಇದಕ್ಕೆ ತಿರುಗುಮುರುಗು. ಅಲ್ಲಿರುವ ನೆಂಟರಿಷ್ಟರನ್ನು ಕೇಳಿ, ಈಗ ರೈಲಿನ ವಿಷಯ ಎತ್ತಿದರೆ ಸಾಕು. 2024ರಲ್ಲಿ ಅಲ್ಲಿನ ಸರ್ಕಾರಿ ರೈಲ್ವೆ ಕಂಪನಿ ಡಾಯ್ಚ ಬಾನ್‌ನ ದೂರದ ರೈಲುಗಳಲ್ಲಿ ಹೊತ್ತಿಗೆ ಸರಿಯಾಗಿ ತಲುಪಿದ್ದು ಶೇ. 62ರ ಆಸುಪಾಸು. ಅದೂ ಆರು ನಿಮಿಷದ ಒಳಗಿನ ತಡವನ್ನು ತಡ ಅಂತ ಎಣಿಸದೆ. ತಡವಾಗಿ ಬಂದ ಕೆಲವು ಜರ್ಮನ್ ರೈಲುಗಳನ್ನು ಸ್ವಿಟ್ಜರ್ಲೆಂಡಿನವರು ಬಾಸೆಲ್‌ನಲ್ಲೇ ನಿಲ್ಲಿಸಿ, ಪ್ರಯಾಣಿಕರನ್ನು ತಮ್ಮ ರೈಲಿಗೆ ಹತ್ತಿಸಿ ಕಳಿಸುತ್ತಾರೆ. ಜರ್ಮನ್ನರ ರಕ್ತ ಬದಲಾಗಲಿಲ್ಲ. ಹಳಿಗಳಿಗೆ ವರ್ಷಗಟ್ಟಲೆ ಸಾಕಷ್ಟು ದುಡ್ಡು ಹಾಕಲಿಲ್ಲ, ಅಷ್ಟೇ.

ಊರುಗಳ ವೇಗವನ್ನು ಅಳೆಯಲು ಹೊರಟವರೂ ಇದ್ದಾರೆ. ರಾಬರ್ಟ್ ಲೆವಿನ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞ 31 ದೇಶಗಳ ದೊಡ್ಡ ಊರುಗಳಲ್ಲಿ ಮೂರು ಸಂಗತಿ ನೋಡಿಸಿದರು. ಜನ ಫುಟ್‌ಪಾತಿನಲ್ಲಿ 60 ಅಡಿ ನಡೆಯಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೆ, ಪೋಸ್ಟಾಫೀಸಿನಲ್ಲಿ ಒಂದು ಸ್ಟಾಂಪ್ ಕೊಡಲು ಎಷ್ಟು ಹೊತ್ತಾಗುತ್ತದೆ, ಬ್ಯಾಂಕುಗಳ ಗೋಡೆ ಗಡಿಯಾರ ಎಷ್ಟು ಸರಿ ಇವೆ. 1999ರಲ್ಲಿ ಪ್ರಕಟವಾದ ಆ ಪಟ್ಟಿಯಲ್ಲಿ ಸ್ವಿಟ್ಜರ್ಲೆಂಡ್ ಮೊದಲು, ಮೆಕ್ಸಿಕೊ ಕೊನೆ. ದುಡ್ಡಿರುವ, ಚಳಿ ಇರುವ ಊರುಗಳಲ್ಲಿ ವೇಗ ಜಾಸ್ತಿ. ವೇಗ ಜಾಸ್ತಿ ಇರುವಲ್ಲಿ ಹೃದಯದ ಕಾಯಿಲೆಯಿಂದ ಸಾಯುವವರೂ ಜಾಸ್ತಿ. ಇಲ್ಲಿಗೆ ನಿಲ್ಲಿಸಿದರೆ ವಾಟ್ಸಾಪ್ ಫಾರ್ವರ್ಡಿಗೆ ಹೇಳಿಮಾಡಿಸಿದ ಮಾತು. ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದೂ ಕಂಡಿತು: ಆ ಅವಸರದ ಊರುಗಳ ಜನರೇ ತಾವು ಹೆಚ್ಚು ಸುಖವಾಗಿದ್ದೇವೆ ಅಂದಿದ್ದರು. ನಿಧಾನವೇ ಸುಖ ಅಂತ ಹೇಳಲು ಹೊರಟವರಿಗೆ ಇದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಇಷ್ಟೊತ್ತು ಗಡಿಯಾರ ತನ್ನಷ್ಟಕ್ಕೆ ತಾನು ಸರಿ ಅನ್ನೋ ಥರ ಮಾತಾಡಿದೆವು. ಆದರೆ ಗಡಿಯಾರದಲ್ಲಿ ಎಷ್ಟು ಹೊತ್ತಾಗಿದೆ ಅನ್ನುವುದನ್ನೂ ಯಾರೋ ತೀರ್ಮಾನ ಮಾಡಿರುತ್ತಾರೆ. ಸ್ಪೇನಿನವರು ಮಧ್ಯಾಹ್ನದ ಊಟ 2-3 ಗಂಟೆಗೆ, ರಾತ್ರಿಯದ್ದು 9-10ಕ್ಕೆ ಮಾಡುತ್ತಾರೆ ಅಂತ ಎಲ್ಲರೂ ಬೆರಗಾಗುತ್ತಾರೆ. ನಕ್ಷೆ ತೆಗೆದು ನೋಡಿ, ಸ್ಪೇನ್ ಇರುವುದು ಇಂಗ್ಲೆಂಡಿನ ನೇರಕ್ಕೆ. 1940ರಲ್ಲಿ ಅಲ್ಲಿನ ಸರ್ವಾಧಿಕಾರಿ ಫ್ರಾಂಕೊನ ಸರ್ಕಾರ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು ಜರ್ಮನಿಯ ಸಮಯಕ್ಕೆ ಹೊಂದಿಸಿತು, ಯುದ್ಧ ಮುಗಿದ ಮೇಲೂ ಯಾರೂ ಹಿಂದಕ್ಕೆ ತಿರುಗಿಸಲಿಲ್ಲ. ಹಾಗಾಗಿ ಬೇಸಿಗೆಯಲ್ಲಿ ಮ್ಯಾಡ್ರಿಡ್‌ನಲ್ಲಿ ಸೂರ್ಯ ನೆತ್ತಿಗೆ ಬರುವುದೇ ಸುಮಾರು 2.15ಕ್ಕೆ. ಅವರು ಊಟ ಮಾಡುವುದು ನಿಜವಾದ ಮಧ್ಯಾಹ್ನದಲ್ಲೇ. ತಡವಾಗಿರುವುದು ಜನರಲ್ಲ, ಗಡಿಯಾರ ಮುಂದೆ ಓಡಿದೆ. ಊಟ ಆದ ಮೇಲೆ ತಟ್ಟೆ ಎತ್ತದೆ ಅಲ್ಲೇ ಕೂತು ಹರಟುವ ಅವರ ಅಭ್ಯಾಸಕ್ಕೆ ಮಾತ್ರ ಗಡಿಯಾರ ಕಾರಣ ಅಲ್ಲ, ಅದು ಅವರದೇ.

ನಮ್ಮಲ್ಲೂ ಈ ಜಗಳ ನಡೆದಿದೆ. 1906ರ ಜನವರಿ 1ರಿಂದ ಬ್ರಿಟಿಷರು ಇಡೀ ದೇಶಕ್ಕೆ ಒಂದೇ ಸಮಯ ತಂದರು, ಈಗ ನಾವು ಬಳಸುತ್ತಿರುವುದು ಅದನ್ನೇ. ಬೊಂಬಾಯಿಯ ಸ್ವಂತ ಸಮಯ ಅದಕ್ಕಿಂತ 39 ನಿಮಿಷ ಹಿಂದೆ ಇತ್ತು. ಗಿರಣಿ ಕಾರ್ಮಿಕರಿಗೆ ಇದರ ಅರ್ಥ ಸರಳವಾಗಿತ್ತು: ಗಡಿಯಾರದಲ್ಲಿ ಹೊತ್ತು ಅದೇ, ಆದರೆ ಹಾಸಿಗೆ ಬಿಡಬೇಕಾದದ್ದು 39 ನಿಮಿಷ ಮುಂಚೆ. ಆ ಜನವರಿಯಲ್ಲೇ ಗಿರಣಿಯೊಂದರಲ್ಲಿ ಕೆಲಸ ನಿಲ್ಲಿಸಿ ಗಲಾಟೆ ಮಾಡಿದರು. ನಗರಪಾಲಿಕೆಯೂ ಹೊಸ ಸಮಯ ಬೇಡ ಅಂತ ಹಟ ಹಿಡಿಯಿತು. ಬೊಂಬಾಯಿಯಲ್ಲಿ ಹಳೆ ಸಮಯ ಪೂರ್ತಿ ಹೋಗಲು 1955ರವರೆಗೆ ಬೇಕಾಯಿತು. ಅಲ್ಲಿಯವರೆಗೆ ಒಂದೇ ಊರಿನಲ್ಲಿ ರೈಲಿಗೊಂದು ಹೊತ್ತು, ಊರಿಗೊಂದು ಹೊತ್ತು. ಅಸ್ಸಾಮಿನ ಟೀ ತೋಟಗಳಲ್ಲಿ ಇವತ್ತಿಗೂ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟುಕೊಂಡೇ ಕೆಲಸ, ಅಲ್ಲಿ ಬೆಳಕಾಗುವುದೇ ಅಷ್ಟು ಬೇಗ.

ಫ್ರಾನ್ಸಿನವರದ್ದು ಇನ್ನೂ ಮಜಾ. 1884ರಲ್ಲಿ ಲಂಡನ್ ಹತ್ತಿರದ ಗ್ರೀನಿಚ್ ರೇಖೆಯನ್ನು ಜಗತ್ತಿನ ಲೆಕ್ಕಕ್ಕೆ ಆರಿಸಿದಾಗ ಅವರು ಮತ ಹಾಕದೆ ಕೂತರು. ಕೊನೆಗೆ 1911ರಲ್ಲಿ ಒಪ್ಪಿಕೊಂಡಾಗಲೂ ಕಾನೂನಿನಲ್ಲಿ ಗ್ರೀನಿಚ್ ಅನ್ನುವ ಹೆಸರೇ ಬರದ ಹಾಗೆ, "ಪ್ಯಾರಿಸ್ ಸಮಯದಲ್ಲಿ 9 ನಿಮಿಷ 21 ಸೆಕೆಂಡ್ ಕಳೆದದ್ದು" ಅಂತ ಬರೆದರು.

ಇನ್ನು ನಮ್ಮ "ಇಂಡಿಯನ್ ಟೈಮ್" ವಿಷಯ. ಒಂದು ಮದುವೆ ಕರೆಯೋಲೆ ಕೈಗೆತ್ತಿಕೊಳ್ಳಿ. "ಬೆಳಗ್ಗೆ 10-20ರಿಂದ 11-05ರವರೆಗೆ ಸಲ್ಲುವ ಶುಭ ಮಿಥುನ ಲಗ್ನದಲ್ಲಿ" ಅಂತ ಇರುತ್ತದೆ. ಅದರ ಕೆಳಗೆ "ಆರತಕ್ಷತೆ: ಸಂಜೆ 7ರಿಂದ". ಎರಡೂ ಒಂದೇ ಕಾಗದ, ಕರೆಯುವವರೂ ಅವರೇ, ಬರುವವರೂ ಅವರೇ. ಈಗ ಏನಾಗುತ್ತದೆ ನೋಡಿ. ಮುಹೂರ್ತದ ಹೊತ್ತಿಗೆ ಪುರೋಹಿತರು ಮೊಬೈಲ್ ತೆಗೆದು ಹೊತ್ತು ನೋಡುತ್ತಾರೆ, ಅಂತರಪಟ ಹಿಡಿದವರಿಗೆ ಸನ್ನೆ ಮಾಡುತ್ತಾರೆ, ಹುಡುಗಿಯ ಸೋದರಮಾವ ಆಚೆ ಈಚೆ ಓಡುತ್ತಾರೆ, ಹೇರ್‌ಸ್ಟೈಲ್ ಮುಗಿದಿಲ್ಲ ಅಂತ ಯಾರಾದರೂ ಅಂದರೆ ಅಜ್ಜಿ ಗದರುತ್ತಾರೆ, "ಗಟ್ಟಿಮೇಳ ಗಟ್ಟಿಮೇಳ" ಅನ್ನುವ ಕೂಗು, ವಾಲಗದ ಅಬ್ಬರ, ಜೀರಿಗೆ-ಬೆಲ್ಲ ತಲೆ ಮೇಲೆ ಬೀಳುತ್ತದೆ. ಲಗ್ನ ಮೀರುವ ಮಾತೇ ಇಲ್ಲ. ಅದೇ ಆರತಕ್ಷತೆಗೆ ಹೇಳಿದ ಹೊತ್ತಿಗೆ ಹೋದರೆ ಛತ್ರದಲ್ಲಿ ಸೀರಿಯಲ್ ಲೈಟ್ ಪರೀಕ್ಷೆ ಮಾಡುವವನೂ ಕುರ್ಚಿ ಜೋಡಿಸುವವನೂ ಬಿಟ್ಟರೆ ಬೇರೆ ನರಪಿಳ್ಳೆ ಇರುವುದಿಲ್ಲ. ಹೊತ್ತು ಪಾಲಿಸಲು ಬಾರದ ಜನ ಇವರು ಅಂತ ಹೇಗೆ ಹೇಳುವುದು? ತಪ್ಪಿದರೆ ಕೇಡು ಅಂತ ನಂಬಿದ ಕಡೆ ನಿಮಿಷಕ್ಕೆ ಸರಿಯಾಗಿ ನಡೆಸುತ್ತಾರೆ. ತಪ್ಪಿದರೂ ಪಲಾವ್ ಸಿಗುತ್ತದೆ ಅಂತ ಗೊತ್ತಿರುವ ಕಡೆ ಅವಸರ ಯಾಕೆ?

ಇದು ಲಘುವಾದ ಭಾಗ. ಇನ್ನೊಂದು ಭಾಗದಲ್ಲಿ ನಗೋಕೆ ಏನೂ ಇಲ್ಲ. ಕಾರ್ಯಕ್ರಮಕ್ಕೆ ಮುಖ್ಯ ಅತಿಥಿ ಎರಡು ಗಂಟೆ ತಡವಾಗಿ ಬರುತ್ತಾರೆ, ಅಲ್ಲಿಯವರೆಗೆ ಶಾಲೆ ಮಕ್ಕಳು ನಾಡಗೀತೆ ಹಾಡೋಕೆ ಬಿಸಿಲಲ್ಲಿ ನಿಂತಿರುತ್ತಾರೆ. ತಾಲ್ಲೂಕು ಕಚೇರಿಯಲ್ಲಿ "ಸಾಹೇಬ್ರು ಮೀಟಿಂಗಲ್ಲಿದ್ದಾರೆ" ಅಂತ ಕಾಯಿಸುತ್ತಾರೆ, ಕಾಯುವವನ ಆ ದಿನದ ಕೂಲಿ ಹೋಯಿತು. ಅದೇ ಸಾಹೇಬರು ಮಂತ್ರಿ ಕರೆದರೆ ಹತ್ತು ನಿಮಿಷ ಮುಂಚೆಯೇ ಹೋಗಿ ನಿಂತಿರುತ್ತಾರೆ. ಇದಕ್ಕೆ ಸಂಸ್ಕೃತಿ ಅಂತ ಹೆಸರಿಟ್ಟು ಬಿಡುವುದು ಅನ್ಯಾಯ. ದೊಡ್ಡವರ ಸಮಯಕ್ಕೆ ಬೆಲೆ, ಸಣ್ಣವರ ಸಮಯ ಪುಕ್ಕಟೆ ಅನ್ನೋ ಮೇಲು-ಕೀಳಿನ ಲೆಕ್ಕ ಇದು. ಪೆರು ದೇಶದಲ್ಲಿ ತಡ ಮಾಡುವ ಚಾಳಿ ಬಿಡಿಸಬೇಕು ಅಂತ 2007ರ ಮಾರ್ಚ್ 1ರ ಮಧ್ಯಾಹ್ನ ಸರಿಯಾಗಿ 12ಕ್ಕೆ ದೇಶವಿಡೀ ಸೈರನ್ ಕೂಗಿಸಿ, ಚರ್ಚಿನ ಗಂಟೆ ಬಾರಿಸಿ, ಎಲ್ಲರ ಗಡಿಯಾರ ಒಂದೇ ಹೊತ್ತಿಗೆ ಸರಿಮಾಡಿಸಿದರು. ಗಡಿಯಾರ ಸರಿಯಾಗುತ್ತದೆ ನಿಜ. ಕಾಯಿಸುವವರು, ಕಾಯುವವರು ಅನ್ನುವ ವಿಂಗಡಣೆ ಸೈರನ್ನಿಗೆ ಕೇಳಿಸುವುದಿಲ್ಲ.

ಈ ಲೆಕ್ಕ ದೇಶ ದೇಶಗಳ ನಡುವೆಯೂ ನಡೆಯುತ್ತದೆ. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ರಾತ್ರಿ ಊಟದ ಹೊತ್ತನ್ನು ತೀರ್ಮಾನ ಮಾಡುವುದು ಅಮೆರಿಕದ ಗಡಿಯಾರ. ನ್ಯೂಯಾರ್ಕಿನ ಬೆಳಗ್ಗೆ 9ರ ಮೀಟಿಂಗ್ ಬೇಸಿಗೆಯಲ್ಲಿ ನಮಗೆ ಸಂಜೆ 6.30. ನವೆಂಬರಿನ ಮೊದಲ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಹಿಂದೆ ತಿರುಗಿಸಿದರೆ ನಮಗದು 7.30. ಮಾರ್ಚಿನ ಎರಡನೇ ಭಾನುವಾರ ಮತ್ತೆ ವಾಪಸ್. ನಮ್ಮ ದೇಶದಲ್ಲಿ ಇಲ್ಲದ ಒಂದು ಏರ್ಪಾಡಿಗೆ ನಮ್ಮ ಮಕ್ಕಳ ಹೋಂವರ್ಕ್, ಕುಕ್ಕರ್ ಇಡುವ ಹೊತ್ತು, ಅಪ್ಪ-ಅಮ್ಮನ ಮಾತ್ರೆ ಎಲ್ಲ ಒಂದು ಗಂಟೆ ಸರಿದುಕೊಳ್ಳುತ್ತವೆ. ಕ್ಯಾಲಿಫೋರ್ನಿಯಾದವರ ಜೊತೆ ಕೆಲಸ ಮಾಡುವವರದ್ದಂತೂ ಬಿಡಿ, ಅವರ ಬೆಳಗ್ಗೆ 9 ಅಂದರೆ ನಮ್ಮ ರಾತ್ರಿ 9.30 ಇಲ್ಲವೇ 10.30. ಕೆಲವು ಟೀಮುಗಳಲ್ಲಿ ಒಂದು ಒಳ್ಳೆ ಪದ್ಧತಿ ಇದೆ: ಒಂದು ತಿಂಗಳು ನಾವು ರಾತ್ರಿ ಕೂರುವುದು, ಮುಂದಿನ ತಿಂಗಳು ಅವರು ರಾತ್ರಿ ಕೂರುವುದು, ಆಗ ನಮಗೆ ಬೆಳಗಿನ ಹೊತ್ತು. ನಿಮ್ಮ ಟೀಮಿನಲ್ಲಿ ಇದು ಇಲ್ಲದಿದ್ದರೆ ಮುಂದಿನ ಸಲ ಆ ಕಡೆಯವರು ಗಡಿಯಾರ ತಿರುಗಿಸುವ ವಾರದಲ್ಲಿ ಕೇಳಿ ನೋಡಿ. ಹೇಗೂ ಆ ವಾರ ಎಲ್ಲರ ಕ್ಯಾಲೆಂಡರೂ ಅಸ್ತವ್ಯಸ್ತ ಆಗಿರುತ್ತದೆ, ಹೊಸದಾಗಿ ಜೋಡಿಸಿಕೊಳ್ಳಲು ಅದಕ್ಕಿಂತ ಒಳ್ಳೆ ಸಂದರ್ಭ ಸಿಗಲ್ಲ.